ಹಿತ್ತಲ ಕೋಳಿಗೂಡು: ಮರಿ ಮಾಡಿಸುವುದು, ಹಳೆಯ ಗುಂಪಿಗೆ ಸೇರಿಸುವುದು

2008ರ ಮಾರ್ಚ್ ತಿಂಗಳಿನಲ್ಲಿ ಶಂಶಾಬಾದಿನ ವಿಮಾನ ನಿಲ್ದಾಣ ಆರಂಭವಾದ ಬಳಿಕ ಹೈದರಾಬಾದಿನ ಈ ದಕ್ಷಿಣ ಅಂಚಿಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳು ಹಲವು. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳ ಜಲಾನಯನ ಪ್ರದೇಶವನ್ನು ಕಾಪಾಡಲೆಂದು 1996ರಲ್ಲಿ ಹೊರಟ 111ನೆಯ ಸರಕಾರಿ ಆದೇಶ ಇಲ್ಲಿಯ ಎಂಬತ್ತನಾಲ್ಕು ಗ್ರಾಮಗಳಲ್ಲಿ ಕಟ್ಟಡಗಳಿಗೆ ಮಿತಿ ಹಾಕಿತ್ತು. ಅದರಿಂದಾಗಿ ಊರೊಳಗಿನವರಿಗೆ ಮರೆತೇಹೋಗಿರುವ ಹಿತ್ತಲು ಎಂಬ ವಸ್ತು ನಮ್ಮಲ್ಲಿ ಕೆಲವರಿಗಾದರೂ ಉಳಿದುಕೊಂಡಿದೆ. ಹಿತ್ತಲಿದ್ದ ಮೇಲೆ ಒಂದು ನುಗ್ಗೆ ಮರ, ಒಂದು ಕರಿಬೇವು, ಆಮೇಲೆ ನಾಲ್ಕು ಕೋಳಿ. ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಬಂದ ನಮಗೆ ಕೋಳಿ ಸಾಕುವುದು ಹೊಸದೂ ಅಲ್ಲ. ನಾವು ಜವಾರಿ ಕೋಳಿ ಎನ್ನುವುದನ್ನು ಇಲ್ಲಿಯವರು ನಾಟುಕೋಡಿ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಆದರೆ ಅಜ್ಜಿಯಂದಿರು ಮಾಡುತ್ತಿದ್ದುದನ್ನು ನೋಡಿರುವುದು ಬೇರೆ, ನಾವೇ ಮಾಡುವುದು ಬೇರೆ. ಎರಡು ವರ್ಷಗಳ ಹಿಂದಿನ ಆಷಾಢದಲ್ಲಿ ನಾನೊಂದು ತಪ್ಪು ಮಾಡಿದೆ. ಪೆಟ್ಟಿಗೆಯಲ್ಲಿ ಬಲ್ಬಿನ ಕಾವಿನಡಿ ಬೆಳೆಸಿದ್ದ ಐದು ವಾರದ ಎಂಟು ಮರಿಗಳನ್ನು, ಇನ್ನು ಅವಕ್ಕೆ ಪೆಟ್ಟಿಗೆ ಸಾಲದೆಂದು, ಒಂದು ಬೆಳಿಗ್ಗೆ ನೇರವಾಗಿ ಹಳೆಯ ಆರು ಹೇಂಟೆಗಳ ಗೂಡಿಗೆ ಬಿಟ್ಟೆ. ಹೇಂಟೆಗಳು ತಾಯಿಯ ಜಾತಿಯವಲ್ಲವೇ, ನೋಡಿಕೊಳ್ಳುತ್ತವೆ ಎಂಬ ನಂಬಿಕೆ. ಮಧ್ಯಾಹ್ನದ ಹೊತ್ತಿಗೆ ಎರಡು ಮರಿ ಸತ್ತಿದ್ದವು. ಮೂರನೆಯದರ ಒಂದು ಕಣ್ಣು ಹೋಗಿತ್ತು. ಶಾಲೆಯಿಂದ ಬಂದ ಮಗಳು ಆ ದಿನ ಊಟ ಮಾಡಲಿಲ್ಲ. ಬೀದರ ಜಿಲ್ಲೆಯ ಹಳ್ಳಿಯಲ್ಲಿ ಜೀವಮಾನವೆಲ್ಲ ಕೋಳಿ ಸಾಕಿದ ನಮ್ಮ ಅತ್ತೆಯವರು ನನ್ನನ್ನು ಬೈಯಲಿಲ್ಲ. "ತಾಯಿ ಇಲ್ಲದ ಮರಿ ಅವ, ಕೇಳೋರು ಯಾರು? ಹಂಗ ಒಮ್ಮಿಗೇ ಬಿಡಬಾರದಿತ್ತವ್ವ" ಎಂದಷ್ಟೇ ಹೇಳಿದರು. ಆ ಒಂದು ಮಾತಿನಲ್ಲಿ ಈ ಲೇಖನದ ಅರ್ಧ ಭಾಗ ಅಡಗಿದೆ. ನಮ್ಮ ಸದಸ್ಯರಲ್ಲಿ ಅನೇಕರು ಈಗ ಮರಿ ಮಾಡಿಸುವ ಉತ್ಸಾಹದಲ್ಲಿರುವುದರಿಂದ ಉಳಿದರ್ಧವನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಮೊಟ್ಟೆಯ ವಿಚಾರ. ಅಂಗಡಿಯ ಬಿಳಿ ಮೊಟ್ಟೆ ಮರಿಯಾಗುವುದಿಲ್ಲ. ಆ ಕೋಳಿಗಳು ಹುಂಜದ ಮುಖವನ್ನೇ ಕಂಡಿರುವುದಿಲ್ಲ. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜವಿರುವ ಮನೆಯ ಮೊಟ್ಟೆಯೇ ಬೇಕು. ಇಲ್ಲಿ ಶಂಶಾಬಾದಿನವರಿಗೆ ಒಂದು ಅನುಕೂಲವಿದೆ. ಹತ್ತಿರದ ರಾಜೇಂದ್ರನಗರದಲ್ಲಿಯೇ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಗೆ ಸೇರಿದ ಕೋಳಿ ಸಂಶೋಧನಾ ನಿರ್ದೇಶನಾಲಯವಿದೆ. 1988ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಹಿತ್ತಲ ಸಾಕಣೆಗೆಂದೇ ವನರಾಜ ಮತ್ತು ಗ್ರಾಮಪ್ರಿಯ ಎಂಬ ತಳಿಗಳನ್ನು ರೂಪಿಸಿತು. ನಮ್ಮ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ಬಂದ ಗಿರಿರಾಜ ಕೋಳಿಯನ್ನು ಕರ್ನಾಟಕದವರಾರೂ ಮರೆತಿರಲಾರರು. ವನರಾಜವೂ ಅದೇ ಬಗೆಯ ಬಣ್ಣದ ಕೋಳಿ. ಮೊಟ್ಟೆಗೆ ಹೆಚ್ಚು ಹೆಸರಾದದ್ದು ಗ್ರಾಮಪ್ರಿಯ.

ಆದರೆ ಇವುಗಳ ವಿಷಯದಲ್ಲಿ ಎರಡು ಸಂಗತಿಗಳನ್ನು ತಿಳಿದಿರಬೇಕು. ಒಂದನೆಯದು, ಇವು ಬೇರೆ ಬೇರೆ ವಂಶಗಳನ್ನು ಕೂಡಿಸಿ ಪಡೆದ ಮಿಶ್ರತಳಿಗಳು. ಹಾಗಾಗಿ ನಿಮ್ಮ ಮನೆಯ ವನರಾಜ ಹೇಂಟೆಯ ಮೊಟ್ಟೆಯಿಂದ ಬರುವ ಮರಿ ಮತ್ತೆ ವನರಾಜವೇ ಆಗಿರುವುದೆಂಬ ಭರವಸೆಯಿಲ್ಲ, ಗುಣಗಳು ಚೆದುರುತ್ತವೆ. ಎರಡನೆಯದು, ಹೆಚ್ಚು ಮೊಟ್ಟೆ ಇಡಲೆಂದು ಆಯ್ದು ಬೆಳೆಸಿದ ತಳಿಗಳಲ್ಲಿ ಕಾವಿಗೆ ಕೂರುವ ಸ್ವಭಾವ ಬಹುಮಟ್ಟಿಗೆ ಅಳಿದಿದೆ. ಕಾವಿಗೆ ಕೂತ ಹೇಂಟೆ ಮೊಟ್ಟೆ ನಿಲ್ಲಿಸುತ್ತದೆಯಾದ್ದರಿಂದ ತಳಿಗಾರರು ಆ ಗುಣವನ್ನು ಬೇಕೆಂದೇ ದೂರವಿಟ್ಟರು. ಆದುದರಿಂದ ಮರಿ ಬೇಕೆನ್ನುವವರ ಹಿತ್ತಲಿನಲ್ಲಿ ಒಂದೆರಡು ಜವಾರಿ ಹೇಂಟೆಗಳಿರಲೇಬೇಕು. ಅವು ಮೊಟ್ಟೆ ಕಡಿಮೆ ಇಟ್ಟರೂ ಕಾವು ಕೊಡುವುದರಲ್ಲಿ ಅವುಗಳನ್ನು ಮೀರಿಸಿದ್ದು ನಾನು ಕಂಡಿಲ್ಲ.

ಆರಿಸಿದ ಮೊಟ್ಟೆ ಒಂದು ವಾರಕ್ಕಿಂತ ಹಳತಾಗಿರಬಾರದು. ತೊಳೆಯಬಾರದು, ಏಕೆಂದರೆ ಚಿಪ್ಪಿನ ಮೇಲಿನ ತೆಳುಪೊರೆ ಹೋದರೆ ಸೂಕ್ಷ್ಮಜೀವಿಗಳು ಒಳನುಗ್ಗುತ್ತವೆ. ಚೂಪು ತುದಿ ಕೆಳಗಾಗಿ ಇಡಬೇಕು. ಸಂಗ್ರಹಕ್ಕೆ ತಕ್ಕ ಉಷ್ಣತೆ ಹದಿನೈದರಿಂದ ಹದಿನೆಂಟು ಡಿಗ್ರಿ ಎನ್ನುತ್ತಾರೆ. ಹೈದರಾಬಾದಿನ ಮೇ ತಿಂಗಳಲ್ಲಿ ಹದಿನೆಂಟು ಡಿಗ್ರಿಯನ್ನು ಎಲ್ಲಿಂದ ತರುವುದು? ಇಪ್ಪತ್ತು ಇಪ್ಪತ್ತೊಂದು ಡಿಗ್ರಿ ದಾಟಿದೊಡನೆ ಮೊಟ್ಟೆಯೊಳಗಿನ ಭ್ರೂಣ ಅರೆಬರೆಯಾಗಿ ಬೆಳೆಯಲು ತೊಡಗುತ್ತದೆ. ಸರಿಯಾದ ಕಾವು ದೊರೆಯದೆ ಸಾಯುತ್ತದೆ. ಬೇಸಿಗೆಯಲ್ಲಿ ಕೂರಿಸಿದ ಮೊಟ್ಟೆಗಳು ಕೊಳೆಯುವುದಕ್ಕೆ ದೊಡ್ಡ ಕಾರಣ ಇದೇ. ಒದ್ದೆ ಮರಳಿನ ಮೇಲೆ ಮಣ್ಣಿನ ಗಡಿಗೆಯಿರಿಸಿ ಅದರೊಳಗೆ ಮೊಟ್ಟೆಯಿಡುವ ಹಳ್ಳಿಯ ರೀತಿ ಸ್ವಲ್ಪಮಟ್ಟಿಗೆ ನೆರವಾಗುತ್ತದೆ. ಅದಕ್ಕಿಂತಲೂ ಉತ್ತಮವೆಂದರೆ ಬೇಸಿಗೆಯನ್ನು ಬಿಟ್ಟು, ದಸರೆಯಿಂದ ಶಿವರಾತ್ರಿಯವರೆಗಿನ ಕಾಲದಲ್ಲಿ ಮರಿ ಮಾಡಿಸುವುದು. ನಮ್ಮ ಅತ್ತೆಯವರು ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಕಾವಿನ ಬುಟ್ಟಿಯಲ್ಲಿ ಒಂದು ಇದ್ದಿಲು, ಒಂದು ಕಬ್ಬಿಣದ ಮೊಳೆ ಇಡುತ್ತಾರೆ. ನಾನು ತೆಗೆಯಲು ಹೋಗಿಲ್ಲ. ಆದರೆ ಗುಡುಗಿನ ಕಾಲ ಬರುವುದು ಕಡುಬೇಸಿಗೆಯ ಕೊನೆಗೆ. ಆ ಮೊಟ್ಟೆಗಳು ಕೆಡುವುದಕ್ಕೆ ಗುಡುಗಿನ ಹಂಗು ಬೇಕಿರಲಿಲ್ಲ ಎಂಬುದು ನನ್ನ ಅನುಮಾನ.

ಕಾವಿಗೆ ಬಂದ ಹೇಂಟೆಯನ್ನು ಗುರುತಿಸುವುದು ಸುಲಭ. ಗೂಡು ಬಿಟ್ಟೇಳದು, ಕೈ ಚಾಚಿದರೆ ಗರಿ ಕೆದರಿ ಗುರುಗುಟ್ಟುವುದು, ಎದೆಯ ಗರಿ ಉದುರಿರುವುದು. ಎರಡು ಮೂರು ದಿನ ಹಾಗೆಯೇ ಕೂತಿದೆಯೆಂದು ಖಾತ್ರಿಯಾದ ಮೇಲೆ ರಾತ್ರಿಯ ಹೊತ್ತು ಪ್ರತ್ಯೇಕವಾದ ಕತ್ತಲೆಯ ಮೂಲೆಗೆ ಸಾಗಿಸಿ, ಹತ್ತು ಹನ್ನೆರಡು ಮೊಟ್ಟೆಗಳನ್ನು ಒಂದೇ ಬಾರಿಗೆ ಇಡಬೇಕು. ದಿನಕ್ಕೊಂದರಂತೆ ಸೇರಿಸಿದರೆ ಮರಿಗಳು ದಿನಕ್ಕೊಂದರಂತೆಯೇ ಹೊರಬರುತ್ತವೆ. ತಾಯಿ ಮೊದಲ ಮರಿಗಳನ್ನು ಕರೆದುಕೊಂಡು ಎದ್ದುಹೋದಾಗ ಉಳಿದ ಮೊಟ್ಟೆಗಳು ತಣ್ಣಗಾಗುತ್ತವೆ. ವಯಸ್ಸಿನ ಅಂತರದ ತೊಡಕು ಹೀಗೆ ಮೊಟ್ಟೆಯಲ್ಲಿಯೇ ಆರಂಭವಾಗಬಲ್ಲದು! ಇಟ್ಟ ಮೊಟ್ಟೆಗಳ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿರಿ. ಬೇರೆ ಹೇಂಟೆ ಬಂದು ಅದೇ ಬುಟ್ಟಿಯಲ್ಲಿ ಇಟ್ಟುಹೋದ ಮೊಟ್ಟೆಯನ್ನು ಆಗ ಪತ್ತೆಹಚ್ಚಿ ತೆಗೆಯಬಹುದು. ಹೇಂಟೆ ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಎದ್ದು ತಿಂದು, ಕುಡಿದು, ಮಣ್ಣಿನಲ್ಲಿ ಹೊರಳಿ ಬರುತ್ತದೆ. ಅದಕ್ಕೆ ಗಾಬರಿಪಡಬೇಕಿಲ್ಲ.

ಕಾವಿನ ಯಂತ್ರವನ್ನು ಬಳಸುವವರಿಗೆ ಕೆಲಸ ಹೆಚ್ಚು. ಗಾಳಿಯಾಡಿಸುವ ಫ್ಯಾನಿರುವ ಯಂತ್ರದಲ್ಲಿ 37.5 ಡಿಗ್ರಿ ಉಷ್ಣತೆ, ಮೊದಲ ಹದಿನೆಂಟು ದಿನ ಸುಮಾರು 55 ಶೇಕಡಾ ಆರ್ದ್ರತೆ, ಕೊನೆಯ ಮೂರು ದಿನ 65ರಿಂದ 70 ಶೇಕಡಾ. ದಿನಕ್ಕೆ ಕನಿಷ್ಠ ಮೂರು ಬಾರಿ ಮೊಟ್ಟೆಗಳನ್ನು ಹೊರಳಿಸಬೇಕು. ಹೊರಳಿಸದಿದ್ದರೆ ಭ್ರೂಣ ಚಿಪ್ಪಿನ ಪೊರೆಗೆ ಅಂಟಿಕೊಳ್ಳುತ್ತದೆ. ತಾಯಿ ಕೊಕ್ಕಿನಿಂದ ಮಾಡುವ ಕೆಲಸ ಇದೇ. ಹದಿನೆಂಟನೆಯ ದಿನ ನಿಲ್ಲಿಸಿ, ಆಮೇಲೆ ಮುಚ್ಚಳ ತೆರೆಯಬಾರದು. ವಿದ್ಯುತ್ ಹೋದರೆ ಕಂಬಳಿ ಹೊದಿಸಿ ಕಾಯಿರಿ. ಅಲ್ಪಕಾಲದ ತಂಪನ್ನು ಭ್ರೂಣ ತಡೆಯುತ್ತದೆ, ಅತಿಯಾದ ಬಿಸಿಯನ್ನು ತಡೆಯದು. ನಲವತ್ತು ಡಿಗ್ರಿ ದಾಟಿದ ಕೋಣೆಯಲ್ಲಿ ಯಂತ್ರ ತಾನಾಗಿ ತಣ್ಣಗಾಗಲಾರದು. ಮೇ ತಿಂಗಳು ಬೇಡವೆನ್ನುವುದಕ್ಕೆ ಇದು ಇನ್ನೊಂದು ಕಾರಣ.

ಏಳನೆಯ ದಿನ ಕತ್ತಲ ಕೋಣೆಯಲ್ಲಿ ಮೊಬೈಲಿನ ಟಾರ್ಚಿನ ಮೇಲೆ ಮೊಟ್ಟೆಯ ದಪ್ಪ ತುದಿಯನ್ನಿಟ್ಟು ಮಕ್ಕಳಿಗೆ ತೋರಿಸಿ. ಜೇಡನಂತೆ ಹರಡಿದ ಕೆಂಪು ನರಗಳು, ನಡುವೆ ಮಿಡಿಯುವ ಚುಕ್ಕಿ. ನಮ್ಮ ಮಗಳು ಜೀವಶಾಸ್ತ್ರದ ಪಾಠವನ್ನು ಕಲಿತದ್ದು ಆ ರಾತ್ರಿ. ಏನೂ ಕಾಣದ ಮೊಟ್ಟೆ ಬರಡು, ತೆಗೆದುಬಿಡಬೇಕು.

ಇಪ್ಪತ್ತೊಂದನೆಯ ದಿನದ ಹೊತ್ತಿಗೆ ಚಿಪ್ಪಿನೊಳಗಿಂದ ಪಿಪಿ ಎಂಬ ದನಿ ಕೇಳಿಸುತ್ತದೆ, ತಾಯಿ ಮೆಲುದನಿಯಲ್ಲಿ ಉತ್ತರಿಸುತ್ತದೆ. ಚಿಪ್ಪಿಗೆ ಮೊದಲ ತೂತು ಬಿದ್ದ ಮೇಲೆ ಮರಿ ಹೊರಬರಲು ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಹಿಡಿಯಬಹುದು. ಈ ಹೊತ್ತಿನಲ್ಲಿ ಕೈ ಹಾಕಿ ಚಿಪ್ಪು ಬಿಡಿಸಲು ಹೋಗುವವರೇ ಹೆಚ್ಚು. ದಯವಿಟ್ಟು ಬೇಡ. ಆ ಅವಧಿಯಲ್ಲಿ ಪೊರೆಯ ರಕ್ತನಾಳಗಳು ಬತ್ತಬೇಕು, ಉಳಿದ ಹಳದಿ ಭಾಗ ಹೊಟ್ಟೆಯೊಳಕ್ಕೆ ಸೇರಬೇಕು. ಆ ಹಳದಿಯ ಬಲದಿಂದಲೇ ಮರಿ ಎರಡು ದಿನ ಅನ್ನ ನೀರಿಲ್ಲದೆ ಇರಬಲ್ಲದು. ಒಂದು ದಿನದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ದೂರದೂರಿಗೆ ಕಳಿಸುವ ವ್ಯಾಪಾರವೆಲ್ಲ ನಿಂತಿರುವುದು ಪ್ರಕೃತಿಯ ಈ ಬುತ್ತಿಯ ಮೇಲೆ.

ತಾಯಿಯಿಲ್ಲದ ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಕಾವು ಬೇಕು. ವಾರ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬಹುದು. ಉಷ್ಣಮಾಪಕಕ್ಕಿಂತ ಮರಿಗಳೇ ಚೆನ್ನಾಗಿ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ಮೂಲೆಗೆ ಸರಿದು ಬಾಯಿ ತೆರೆದಿದ್ದರೆ ಸೆಕೆ, ಹರಡಿಕೊಂಡು ಆಡುತ್ತಿದ್ದರೆ ಸರಿ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನು ಹಾಕಿಡಿ, ಇಲ್ಲವಾದರೆ ಮುಳುಗುತ್ತವೆ. ಮೊಟ್ಟೆ ಇಡುವ ಕೋಳಿಗಳ ಆಹಾರವನ್ನು ಮರಿಗಳಿಗೆ ಕೊಡಬೇಡಿ. ಅದರಲ್ಲಿರುವ ಹೆಚ್ಚಿನ ಸುಣ್ಣದ ಅಂಶ ಎಳೆಯ ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ.

ಲಸಿಕೆಯ ಬಗ್ಗೆ ಒಂದು ಮಾತು. ರಾಣಿಖೇತ್ ರೋಗ (1920ರ ದಶಕದ ಕೊನೆಗೆ ಕುಮಾಊಂ ಬೆಟ್ಟಗಳ ರಾಣಿಖೇತ್‌ನಲ್ಲಿ ಕಂಡುಬಂದದ್ದರಿಂದ ನಮ್ಮ ದೇಶದಲ್ಲಿ ಆ ಹೆಸರು) ಹಿತ್ತಲ ಕೋಳಿಗಳ ದೊಡ್ಡ ಶತ್ರು. ಐದರಿಂದ ಏಳನೆಯ ದಿನದೊಳಗೆ ಲಸೋಟಾ ಲಸಿಕೆಯ ಒಂದು ಹನಿ ಕಣ್ಣಿಗೋ ಮೂಗಿಗೋ ಬೀಳಬೇಕು. ಎರಡು ವಾರಕ್ಕೆ ಗಂಬೋರೊ ಲಸಿಕೆ, ನಾಲ್ಕನೆಯ ವಾರದಲ್ಲಿ ಮತ್ತೆ ಲಸೋಟಾ. ಮುಂದಿನದನ್ನು ಪಶುವೈದ್ಯರು ಹೇಳುತ್ತಾರೆ. ತೊಡಕೆಂದರೆ, ಸಣ್ಣ ಸೀಸೆಯಲ್ಲಿಯೂ ನೂರು ಕೋಳಿಗಳಿಗಾಗುವಷ್ಟು ಲಸಿಕೆಯಿರುತ್ತದೆ. ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಮರಿಗಳಿಗಾಗಿ ಯಾರು ತಂದಾರು? ಅದಕ್ಕೆ ನಮ್ಮ ಬಡಾವಣೆಯ ನಾಲ್ಕು ಮನೆಯವರು ಕೂಡಿ ಒಂದೇ ವಾರದಲ್ಲಿ ಹೇಂಟೆಗಳನ್ನು ಕಾವಿಗೆ ಕೂರಿಸುವ ಪದ್ಧತಿ ಮಾಡಿಕೊಂಡಿದ್ದೇವೆ. ಲಸಿಕೆಯ ದಿನ ಬುಟ್ಟಿಗಳೊಂದಿಗೆ ಎಲ್ಲರೂ ಒಂದೆಡೆ ಸೇರದೆ, ಐಸು ತುಂಬಿದ ಫ್ಲಾಸ್ಕಿನಲ್ಲಿ ಲಸಿಕೆಯೇ ಮನೆಯಿಂದ ಮನೆಗೆ ಹೋಗುತ್ತದೆ. ಒಂದು ಮನೆಯ ರೋಗ ಇನ್ನೊಂದು ಮನೆಗೆ ಹರಡದಿರಲೆಂದು ಈ ಎಚ್ಚರ.

ಈಗ ನಾನು ಎಡವಿದ ಸ್ಥಳಕ್ಕೆ ಬರೋಣ.

ದೊಡ್ಡ ಕೋಳಿ ಫಾರಂಗಳಲ್ಲಿ ಬೇರೆ ಬೇರೆ ವಯಸ್ಸಿನ ಕೋಳಿಗಳನ್ನು ಬೆರೆಸುವುದೇ ಇಲ್ಲ. ಒಂದು ಶೆಡ್ಡಿಗೆ ಒಂದೇ ದಿನದ ಮರಿಗಳು. ಎಲ್ಲವೂ ಒಟ್ಟಿಗೆ ಒಳಗೆ, ಎಲ್ಲವೂ ಒಟ್ಟಿಗೆ ಹೊರಗೆ. ಹಿತ್ತಲಿನಲ್ಲಿ ಅದು ಸಾಧ್ಯವಿಲ್ಲ. ಹಳೆಯವು ಇದ್ದಂತೆಯೇ ಹೊಸವು ಬರುತ್ತವೆ. ಆದ್ದರಿಂದ ಕೋಳಿಗಳ ಸಮಾಜವನ್ನು ಅರಿಯದೆ ಗತಿಯಿಲ್ಲ. ಅಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಸ್ಪಷ್ಟವಾದ ಶ್ರೇಣಿಯಿದೆ. ನಾರ್ವೆಯ ತೋರ್ಲೈಫ್ ಶೆಲ್ಡರುಪ್-ಎಬ್ಬೆ ಎಂಬಾತ ಬಾಲಕನಾಗಿದ್ದಾಗಿನಿಂದಲೂ ಕೋಳಿಗಳನ್ನು ನೋಡಿ ಟಿಪ್ಪಣಿ ಮಾಡಿಕೊಂಡು, ಈ ಕುಕ್ಕುವ ಶ್ರೇಣಿಯ ಕುರಿತು 1920ರ ದಶಕದ ಆರಂಭದಲ್ಲಿ ಪ್ರಕಟಿಸಿದ. ಮೊದಲನೆಯ ಹೇಂಟೆ ಎಲ್ಲರನ್ನೂ ಕುಕ್ಕಬಹುದು, ಎರಡನೆಯದು ಮೊದಲನೆಯದನ್ನು ಬಿಟ್ಟು ಉಳಿದವರನ್ನು, ಹೀಗೆ ಕೊನೆಯವರೆಗೆ. ಕಚೇರಿಗಳಲ್ಲಿ ದುಡಿಯುವ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಶ್ರೇಣಿ ಒಮ್ಮೆ ನಿಂತರೆ ಜಗಳ ಕಡಿಮೆ, ಒಂದು ನೋಟವೇ ಸಾಕು. ಕೋಳಿಗಳು ಪರಸ್ಪರ ಗುರುತಿಸುವುದು ಮುಖ್ಯವಾಗಿ ತಲೆ ಮತ್ತು ಜುಟ್ಟಿನಿಂದ. ಅಪರಿಚಿತ ತಲೆ ಒಳಬಂದೊಡನೆ ಶ್ರೇಣಿಯನ್ನು ಮತ್ತೆ ನಿರ್ಣಯಿಸಬೇಕಾಗುತ್ತದೆ. ಐದು ವಾರದ ಮರಿಗೆ ಆ ಹೋರಾಟದಲ್ಲಿ ಓಡುವುದೊಂದೇ ದಾರಿ, ಮುಚ್ಚಿದ ಗೂಡಿನಲ್ಲಿ ಓಡಲು ಜಾಗವಿಲ್ಲ. ನಮ್ಮ ಮರಿಗಳು ಸತ್ತದ್ದು ಹೇಂಟೆಗಳ ಕ್ರೌರ್ಯದಿಂದಲ್ಲ, ನಾನು ಬಾಗಿಲು ಮುಚ್ಚಿದ್ದರಿಂದ.

ತಾಯಿ ಜೊತೆಗಿದ್ದ ಮರಿಗಳಿಗೆ ಈ ಕಷ್ಟ ಬಹುಪಾಲು ಇಲ್ಲ. ತಾಯಿ ಮೊದಲ ದಿನಗಳಿಂದಲೇ ಅವನ್ನು ಗುಂಪಿನ ನಡುವೆ ತಿರುಗಿಸುತ್ತದೆ, ಹತ್ತಿರ ಬಂದವರ ಮೇಲೆ ಹಾರುತ್ತದೆ. ಆರು ಎಂಟು ವಾರಕ್ಕೆ ಅದೇ ತಾಯಿ ಮರಿಗಳನ್ನು ಕುಕ್ಕಿ ದೂರಮಾಡುವ ಹೊತ್ತಿಗೆ ಅವು ಗುಂಪಿಗೆ ಅಪರಿಚಿತವಾಗಿ ಉಳಿದಿರುವುದಿಲ್ಲ. ಶ್ರೇಣಿಯ ಕೊನೆಯ ಮೆಟ್ಟಿಲು ಅವಕ್ಕೆ ಸದ್ದಿಲ್ಲದೆ ದೊರೆತಿರುತ್ತದೆ. ಅತ್ತೆಯವರ ಮಾತಿನ ಅರ್ಥ ಇದೇ ಆಗಿತ್ತು.

ಆದುದರಿಂದ ಯಂತ್ರದ ಮರಿಗಳಿಗೂ ಒಂದು ತಾಯಿಯನ್ನು ಹುಡುಕುವುದು ಮೊದಲ ಉಪಾಯ. ಎರಡು ವಾರಕ್ಕಿಂತ ಹೆಚ್ಚು ಕಾಲ ಕಾವಿಗೆ ಕೂತಿರುವ ಹೇಂಟೆಯಿದ್ದರೆ, ಒಂದೆರಡು ದಿನದ ಮರಿಗಳನ್ನು ಕಗ್ಗತ್ತಲಲ್ಲಿ ಅದರ ರೆಕ್ಕೆಯಡಿ ಸರಿಸಿ, ಒಂದೊಂದು ಮರಿಗೆ ಒಂದೊಂದು ಮೊಟ್ಟೆಯನ್ನು ತೆಗೆಯಬೇಕು. ಬೆಳಗಾಗುವ ಮುನ್ನ ನೀವು ಅಲ್ಲಿರಬೇಕು. ಒಪ್ಪದ ಹೇಂಟೆ ಬೆಳಕಿನಲ್ಲಿ ಕುಕ್ಕಿ ಕೊಲ್ಲಬಹುದು. ನಾಲ್ಕೈದು ದಿನ ದಾಟಿದ ಮರಿಗಳಿಗೆ ಇದು ಸಾಮಾನ್ಯವಾಗಿ ಫಲಿಸದು. ಹೇಂಟೆ ಒಪ್ಪಿದರೂ ಮರಿಗಳು ಒಪ್ಪುವುದಿಲ್ಲ, ಅವಕ್ಕೆ ಆಗಲೇ ಬಲ್ಬೇ ತಾಯಿ.

ಮರಿ ಮರಿಗಳ ನಡುವೆಯೂ ಅಂತರ ನೋಡಬೇಕು. ಒಂದು ವಾರದೊಳಗಿನ ವ್ಯತ್ಯಾಸವಾದರೆ ಹೊಂದಿಕೊಳ್ಳುತ್ತವೆ. ಎರಡು ಮೂರು ವಾರವಾದರೆ ದೊಡ್ಡವು ಆಹಾರವನ್ನೂ ಕಾವನ್ನೂ ಕಸಿದುಕೊಳ್ಳುತ್ತವೆ, ಚಿಕ್ಕವನ್ನು ತುಳಿಯುತ್ತವೆ. ಅವುಗಳಿಗೆ ಬೇಕಾದ ಉಷ್ಣತೆಯೂ ಬೇರೆ ಬೇರೆ. ಕಾಣದ ಅಪಾಯವೊಂದಿದೆ. ಕೋಕ್ಸಿಡಿಯಾ ಎಂಬ ಸೂಕ್ಷ್ಮಜೀವಿ ದೊಡ್ಡ ಕೋಳಿಗಳ ಹಿಕ್ಕೆಯಲ್ಲಿ ಅವಕ್ಕೆ ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಪ್ರತಿರೋಧ ಶಕ್ತಿ ಬಾರದ ಮರಿ ಆ ನೆಲವನ್ನು ಕೆದಕಿದರೆ ರಕ್ತಭೇದಿಯಾಗಿ ಎರಡು ಮೂರು ದಿನದಲ್ಲಿ ಸಾಯುತ್ತದೆ. ಮಳೆಗಾಲದಲ್ಲಿ ಹಾಸು ಒದ್ದೆಯಾದಾಗ ಇದು ಹೆಚ್ಚು. ಭತ್ತದ ಹೊಟ್ಟಿನ ಹಾಸನ್ನು ಒಣಗಿಸಿಡುವುದು ಔಷಧಿಗಿಂತ ಮುಖ್ಯ. ಹಿಕ್ಕೆಯಲ್ಲಿ ರಕ್ತ ಕಂಡರೆ ಮಾತ್ರ ಕಾಯದೆ ಪಶುವೈದ್ಯರಲ್ಲಿಗೆ ಹೋಗಿರಿ.

ವಾರದ ಸಂತೆಯಿಂದ ಕೊಂಡುತಂದ ಕೋಳಿಯನ್ನು ಮೂರು ನಾಲ್ಕು ವಾರ ಹಿತ್ತಲಿನ ಇನ್ನೊಂದು ತುದಿಯಲ್ಲಿಯೇ ಇರಿಸಬೇಕು. ಮೊದಲು ಮನೆಯ ಕೋಳಿಗಳಿಗೆ ಕಾಳು ಹಾಕಿ, ಆಮೇಲೆ ಹೊಸದರ ಬಳಿ ಹೋಗಿ ಕೈಕಾಲು ತೊಳೆದುಕೊಳ್ಳಿ. ಪರಿಚಿತರೊಬ್ಬರು ಸಂಕ್ರಾಂತಿಗೆ ಮುನ್ನ ಸಂತೆಯಿಂದ ಒಂದು ಅಂದವಾದ ಹುಂಜ ತಂದು ಅಂದೇ ಗೂಡಿಗೆ ಬಿಟ್ಟರು. ಹಬ್ಬ ಕಳೆದು ವಾರದೊಳಗೆ ಹದಿನಾಲ್ಕು ಕೋಳಿಗಳಲ್ಲಿ ಎರಡು ಉಳಿದವು. ಒಮ್ಮೆಗೇ ಹಲವು ಕೋಳಿಗಳು ಸತ್ತರೆ ಗುಟ್ಟಾಗಿ ಹೂಳದೆ ಪಶುಸಂಗೋಪನಾ ಇಲಾಖೆಗೆ ತಿಳಿಸಬೇಕು. ಹಕ್ಕಿಜ್ವರ 2012ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿಯೂ, 2015ರಲ್ಲಿ ಇಲ್ಲಿಯೇ ರಂಗಾರೆಡ್ಡಿ ಜಿಲ್ಲೆಯ ಹಯಾತ್‌ನಗರದ ಬಳಿಯೂ ಕಾಣಿಸಿಕೊಂಡಿತ್ತೆಂಬುದನ್ನು ನೆನೆಯಬಹುದು.

ಆ ಸೋಲಿನ ಬಳಿಕ ನಾವು ಅನುಸರಿಸುತ್ತಿರುವ ಕ್ರಮ ಹೀಗಿದೆ. ಆರನೆಯ ವಾರದವರೆಗೆ ಮರಿಗಳು ಪೂರ್ತಿ ಪ್ರತ್ಯೇಕ. ಆಮೇಲೆ ಹಳೆಯ ಕೋಳಿಗಳ ಅಂಗಳವನ್ನು ತಂತಿಬಲೆಯಿಂದ ವಿಭಾಗಿಸಿ ಮರಿಗಳನ್ನು ಆಚೆ ಬಿಡುತ್ತೇವೆ. ನೋಡಬಹುದು, ಮುಟ್ಟುವಂತಿಲ್ಲ. ಎರಡೂ ಕಡೆಯ ಕಾಳಿನ ತಟ್ಟೆಗಳನ್ನು ಬಲೆಯ ಪಕ್ಕದಲ್ಲಿಯೇ ಇಡುವುದರಿಂದ ಒಂದರ ಎದುರಿಗೊಂದು ತಿನ್ನುವ ಅಭ್ಯಾಸವಾಗುತ್ತದೆ. ಮೊದಲ ದಿನಗಳಲ್ಲಿ ಹೇಂಟೆಗಳು ಬಲೆಗೆ ಎರಗುತ್ತವೆ. ಎರಡು ವಾರಕ್ಕೆ ತಿರುಗಿಯೂ ನೋಡವು. ಆದರೂ ಅವಸರ ಸಲ್ಲದು. ಮರಿಗಳ ಗಾತ್ರ ದೊಡ್ಡವುಗಳ ಮುಕ್ಕಾಲು ಭಾಗಕ್ಕಾದರೂ ಬರಬೇಕು, ಎಂದರೆ ಹತ್ತು ಹನ್ನೆರಡು ವಾರ. ಒಂಟಿ ಮರಿಯನ್ನು ಎಂದೂ ಸೇರಿಸಬಾರದು. ಮೂರು ನಾಲ್ಕು ಕೂಡಿದ್ದರೆ ಪೆಟ್ಟು ಹಂಚಿಹೋಗುತ್ತದೆ.

ಬೆರೆಸುವ ದಿನ ಗೂಡಿನಲ್ಲಲ್ಲ, ಹಿತ್ತಲ ಬಯಲಿನಲ್ಲಿ, ಸಂಜೆ ಕತ್ತಲಾಗುವುದಕ್ಕೆ ಒಂದು ಗಂಟೆ ಮುಂಚೆ ಎಲ್ಲವನ್ನೂ ಬಿಡುತ್ತೇವೆ. ಜೋಳದ ನುಚ್ಚನ್ನು ಅಂಗಳದ ತುಂಬ ಎರಚಿದರೆ ದೊಡ್ಡವುಗಳ ಗಮನ ನೆಲದ ಮೇಲಿರುತ್ತದೆ. ನೀರು ಮತ್ತು ಕಾಳಿನ ತಟ್ಟೆಗಳನ್ನು ಎರಡು ಮೂರು ಕಡೆ ಇಡಬೇಕು. ಒಂದೇ ತಟ್ಟೆಯಿದ್ದರೆ ಒಂದೇ ಹೇಂಟೆ ಅದನ್ನು ಕಾಯುತ್ತ ನಿಂತು ಮರಿಗಳನ್ನು ಉಪವಾಸ ಕೆಡಹುತ್ತದೆ. ಗಾಯ ಕಾಣದು, ಮರಿ ಸೊರಗುತ್ತದೆ. ಮರಿಗಳಷ್ಟೇ ನುಸುಳಬಹುದಾದ ಕಿಂಡಿಯಿರುವ ಒಂದು ಹಳೆಯ ಹಣ್ಣಿನ ಪೆಟ್ಟಿಗೆಯನ್ನು ಮಗುಚಿಟ್ಟರೆ ಅದೇ ಅವುಗಳ ಕೋಟೆ. ಮೊದಲ ಮೂರು ನಾಲ್ಕು ಬೆಳಿಗ್ಗೆ ಬೇಗನೆ ಎದ್ದು ಗೂಡಿನ ಬಾಗಿಲು ತೆರೆಯಬೇಕು. ಮುಚ್ಚಿದ ಗೂಡಿನಲ್ಲಿ ಬೆಳಕು ಹರಿದ ಮೇಲಿನ ಆ ಅರ್ಧ ಗಂಟೆಯೇ ಎಲ್ಲಕ್ಕಿಂತ ಅಪಾಯದ್ದು.

ಒಂದಿಷ್ಟು ಕುಕ್ಕಾಟ ಸಹಜ, ಅದನ್ನು ಬಿಡಿಸಲು ಹೋಗಬಾರದು. ರಕ್ತ ಬಂದರೆ ಮಾತ್ರ ಸುಮ್ಮನಿರುವಂತಿಲ್ಲ. ಕೆಂಪನ್ನು ಕಂಡ ಕೋಳಿ ಅಲ್ಲಿಯೇ ಮತ್ತೆ ಮತ್ತೆ ಕುಕ್ಕುತ್ತದೆ. ಗಾಯಗೊಂಡದ್ದನ್ನು ಬೇರ್ಪಡಿಸಿ, ಅರಿಸಿನ ಹಚ್ಚಿ, ವಾಸಿಯಾಗುವವರೆಗೆ ಬಲೆಯಾಚೆ, ಆದರೆ ಗುಂಪಿನ ಕಣ್ಣೆದುರಿಗೇ ಇಡಬೇಕು. ಒಂದೇ ಹೇಂಟೆ ಮಿತಿಮೀರಿ ಕಾಡುತ್ತಿದ್ದರೆ ಮರಿಯನ್ನಲ್ಲ, ಆ ಹೇಂಟೆಯನ್ನೇ ನಾಲ್ಕು ದಿನ ಹೊರಗಿಟ್ಟು ನೋಡಿ. ಹಿಂದಿರುಗಿ ಬಂದಾಗ ತಾನೇ ಹೊಸಬಳಾಗಿರುತ್ತಾಳೆ. ಎಲ್ಲವೂ ಒಟ್ಟಿಗೆ ಇರುವಾಗ ಆಹಾರದ ತೊಡಕಿಗೆ ಪರಿಹಾರವೆಂದರೆ, ಬೆಳೆಯುವ ಕೋಳಿಗಳ ಆಹಾರವನ್ನೇ ಎಲ್ಲಕ್ಕೂ ಹಾಕಿ, ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಿನಲ್ಲಿಡುವುದು. ಮೊಟ್ಟೆ ಇಡುವ ಹೇಂಟೆಗಳು ತಮಗೆ ಬೇಕಾದಷ್ಟನ್ನು ಅಲ್ಲಿಂದ ತಿನ್ನುತ್ತವೆ.

ಒಂದು ಕಣ್ಣು ಕಳೆದುಕೊಂಡ ಆ ಮರಿ ಬದುಕಿತು. ಈಗ ಅದು ದೊಡ್ಡ ಹೇಂಟೆ. ಕಳೆದ ಚಳಿಗಾಲದಲ್ಲಿ ಹನ್ನೊಂದು ಮೊಟ್ಟೆಗಳ ಮೇಲೆ ಕೂತು ಒಂಬತ್ತು ಮರಿ ಮಾಡಿತು. ಮರಿಗಳನ್ನು ಕರೆದುಕೊಂಡು ತಿರುಗುವಾಗ ಕಾಣುವ ಕಣ್ಣನ್ನು ಗುಂಪಿನ ಕಡೆಗೇ ಇಟ್ಟುಕೊಂಡು ನಡೆಯುತ್ತದೆ. ಕಾಳು ಹಾಕಲು ಹೋಗುವ ಮಗಳು ಅದರ ಬಲಗಡೆಯಿಂದಲೇ ಹೋಗುತ್ತಾಳೆ. ಎಡಗಡೆಯಿಂದ ಹೋದರೆ ಬೆಚ್ಚಿ ಕೈಗೆ ಕುಕ್ಕುತ್ತದೆ.